ತಗದ್ ಹಾಕ್ರಿ

ಮಾನ್ವಿಯಲ್ಲಿ ಈರಯ್ಯನವರ ಝೆರಾಕ್ಸ್ ಅಂಗಡಿಯ ಹಿಂದೆಯೇ ಅವರ ಮನೆ. ಎರಡೂ ಕಡೆ ಕಸ ಗುಡಿಸುವುದು, ಝೆರಾಕ್ಸ್ ತೆಗೆಯುವುದು ನನ್ನ ಕೆಲಸ. ಟೈಪು ಮಾಡುವವಳು ನೀರಮಾನ್ವಿಯಿಂದ ಬರುವ ಮಿನಾಜ್, ಅಂಗಡಿ ತೆರೆದಾಗಿನಿಂದ ಇರುವವಳು.

ಅವತ್ತು ಹಳೆಯ ಕಂಪ್ಯೂಟರ್ ಶುರುವಾಗಲಿಲ್ಲ. ಗುಂಡಿ ಒತ್ತಿದರೆ ಒಳಗಿನ ಫ್ಯಾನು ತಿರುಗುತ್ತಿತ್ತು, ಪೆಟ್ಟಿಗೆ ಪೀಂ ಪೀಂ ಎಂದು ಕೂಗುತ್ತಿತ್ತು, ಪರದೆ ಮಾತ್ರ ಕಪ್ಪು. ಮಿನಾಜ್ ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದಳು. ಸೆಕೆಗೆಂದು ಪೆಟ್ಟಿಗೆಯ ಪಕ್ಕದ ಮುಚ್ಚಳ ತೆಗೆದೇ ಇಟ್ಟಿದ್ದರು. ಅದರೊಳಗೆ ತಲೆ ತೂರಿಸಿ ಬಹಳ ಹೊತ್ತು ನೋಡಿದಳು. ಈರಯ್ಯನವರು ದೇವದುರ್ಗಕ್ಕೆ ಹೋಗಿದ್ದರು; ಫೋನಿನಲ್ಲಿ ತಿಳಿಸಿದಾಗ ರಾಯಚೂರಿನ ರಿಪೇರಿ ಅಂಗಡಿಗೆ ಹೇಳುತ್ತೇನೆಂದರು. ಕೆಲಸವಿಲ್ಲವೆಂದು ಅವಳು ಮಧ್ಯಾಹ್ನವೇ ಹೊರಟಳು. ಹೋಗುವಾಗ ಚೀಲವನ್ನು ಎದೆಗೆ ಅವಚಿಕೊಂಡಿದ್ದಳು. ಅದನ್ನು ನಾನು ಗಮನಿಸಿದೆ.

ಸಂಜೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಾಗ, ಈರಯ್ಯನವರ ಹೆಂಡತಿ ಅಂಬಮ್ಮ ಅಂಗಡಿಯಲ್ಲಿ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

“ಹೂಂ, ತಗದ್ ಹಾಕ್ತೀನಿ ಬಿಡ್ರಿ. ಭಾಳ ಹಳೇದಾಗೇದ ಅದು.”

ನನ್ನ ಕೈ ನಿಂತಿತು. ಯಾರನ್ನು ಕೆಲಸದಿಂದ ತೆಗೆದುಹಾಕುತ್ತಾರೆ? ಅಂಬಮ್ಮ ಕೆಲಸದ ಹುಡುಗಿಯರನ್ನೂ ‘ಅದು’ ಎಂದೇ ಅನ್ನುತ್ತಾರೆ. ಹಳಬಳೆಂದರೆ ಮಿನಾಜ್.

ಮರುದಿನ ರಿಪೇರಿಯ ನಾಗೇಶ ರಾಯಚೂರಿನಿಂದ ಬಂದ. ಪೆಟ್ಟಿಗೆಯೊಳಗೆ ಟಾರ್ಚು ಬಿಟ್ಟವನೇ, “ರ‍್ಯಾಮೇ ಇಲ್ಲಲ್ರೀ ಇದರಾಗ” ಎಂದ. ರ‍್ಯಾಮ್ ಎಂದರೆ ಗೇಣುದ್ದವೂ ಇಲ್ಲದ ಒಂದು ಹಸಿರು ಪಟ್ಟಿಯಂತೆ. ಅದಿಲ್ಲದೆ ಯಂತ್ರ ಕಣ್ಣೇ ತೆರೆಯುವುದಿಲ್ಲವಂತೆ. ಯಾರೋ ಕೈಹಾಕಿ ಕಿತ್ತಿದ್ದಾರೆ ಎಂದೂ ಹೇಳಿದ. ಹೊಸದು ತರುತ್ತೇನೆಂದು ಅವನು ಹೊರಟಾಗ, ಯಂತ್ರ ಕೆಟ್ಟ ದಿನ ಅದು ಒಳಗೆ ಇತ್ತೋ ಇಲ್ಲವೋ, ಮಾರುವುದಕ್ಕೆ ಇವನೇ ಸುಳ್ಳು ಹೇಳುತ್ತಿದ್ದಾನೋ ಎಂದು ನನಗೆ ಅನುಮಾನ ಬಂತು.

ಈರಯ್ಯನವರ ಅನುಮಾನ ಬೇರೆ ಕಡೆ ಇತ್ತು. ಎದುರಿನ ಸಾಲಿನಲ್ಲಿ ಅಲ್ಲಾಬಕ್ಷ್ ಹೊಸ ಅಂಗಡಿ ತೆರೆಯುವವನಿದ್ದ, ಮಿನಾಜ್‌ಳನ್ನು ಕೆಲಸಕ್ಕೆ ಕರೆದಿದ್ದ. ಒಳಗೆ ಕೈಹಾಕಿದ್ದೆಯಾ ಎಂದು ಈರಯ್ಯನವರು ಕೇಳಿದರು. ನೋಡಿದ್ದು ನಿಜ, ಏನೂ ಮುಟ್ಟಿಲ್ಲ ಎಂದಳು. ಚೀಲ ತೆರೆ ಎಂದರು. ರೊಟ್ಟಿಯ ಡಬ್ಬಿ, ಬಾಚಣಿಗೆ, ಅವಳ ತಾಯಿಯ ಮಾತ್ರೆಗಳು. ಅಷ್ಟೇ.

“ನಾಳಿಂದ ಬರಬ್ಯಾಡವಾ” ಎಂದರು.

ಮಿನಾಜ್ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಒಳಗಿನಿಂದ ಚಹಾ ತಂದ ಅಂಬಮ್ಮ, ಏನೋ ಕಳುವಾಯಿತೆಂದು ಕೇಳಿ, ಈ ಕಾಲದಲ್ಲಿ ಯಾರನ್ನು ನಂಬುವುದು ಎಂದರು. ಆ ನೆಮ್ಮದಿಯ ಮುಖ ನೋಡಿ ನನಗೆ ಫೋನಿನ ಮಾತು ನೆನಪಾಯಿತು. ಪಟ್ಟಿ ಅಡಗಿಸಿ, ಕಳ್ಳತನ ಹೊರಿಸಿ, ಹುಡುಗಿಯನ್ನು ಕಳಿಸಿದರೇ? ಆಮೇಲಿನ ದಿನಗಳಲ್ಲಿ ಅವರು ಯಾವ ಡಬ್ಬಿ ತೆರೆದರೂ ನಾನು ಓರೆಗಣ್ಣಿನಲ್ಲಿ ನೋಡುತ್ತಿದ್ದೆ.

ಸೋಮವಾರ ಬಾಡಿದ ಪೂಜೆಯ ಹೂವಿನ ಚೀಲವನ್ನು ಕಾಲುವೆಗೆ ಒಯ್ದೆ. ದೇವರಿಗೆ ಏರಿಸಿದ್ದು ಕಾಲಿಗೆ ಸಿಗಬಾರದೆಂದು ಅಂಬಮ್ಮ ಅದನ್ನು ಮೊಳೆಗೆ ತೂಗುಹಾಕಿರುತ್ತಾರೆ. ನೀರಿನ ಮೇಲೆ ಚೀಲ ಬಗ್ಗಿಸಿದಾಗ ಚೆಂಡುಹೂವಿನ ನಡುವೆ ಏನೋ ಗಟ್ಟಿಯಾದದ್ದು ಕೈಗೆ ಚುಚ್ಚಿತು. ಹಸಿರು ಪಟ್ಟಿ. ಅದಕ್ಕೆ ವಿಭೂತಿ ಬೇರೆ ಹಚ್ಚಿದ್ದರು.

ನೀರಿಗೆ ಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನನ್ನ ಕೆಲಸಕ್ಕೂ ಧಕ್ಕೆ ಇರಲಿಲ್ಲ. ಆದರೆ ಮಿನಾಜ್ ಕಳ್ಳಿಯಾಗಿಯೇ ಉಳಿಯುತ್ತಿದ್ದಳು. ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.

ಅಂಗಡಿಯಲ್ಲಿ ನಾಗೇಶ ಹೊಸ ಪಟ್ಟಿ ತಂದು ಕೂತಿದ್ದ. ಹಳೆಯದನ್ನು ಈರಯ್ಯನವರ ಮುಂದಿಟ್ಟೆ. ಹೂವಿನ ಚೀಲದಲ್ಲಿತ್ತು ಎಂದು ಅಂಬಮ್ಮನ ಮುಖ ನೋಡುತ್ತ ಹೇಳಿದೆ. ಅವರು ಹೆದರಲಿಲ್ಲ, ನನ್ನ ಮೇಲೆಯೇ ಸಿಟ್ಟಾದರು.

“ಅದನ್ಯಾಕ ಹೊಳ್ಳಿ ತಂದಿ? ರಾಯಚೂರದಿಂದ ಫೋನ್ ಮಾಡಿದಾಂವ ಹಸರ ಪಟ್ಟಿ ತಗದ್ ಹಾಕ್ರಿ ಅಂದ. ತಗದ್ ಹಾಕಿದೆ. ಅಮಾಸಿಗೊಮ್ಮೆ ಪೂಜಿ ಮಾಡಿದ್ದು, ಕಸದಾಗ ಹ್ಯಾಂಗ ಒಗೀಲಿ?”

ನಾಗೇಶ ಹಣೆ ಹಿಡಿದುಕೊಂಡ. “ಯವ್ವಾ, ನಮ್ಮ ಅಂಗಡಿಯಾಂವ ಹೇಳಿದ್ದು ತಗದು, ಒರಸಿ, ಮತ್ತ ಅಲ್ಲೇ ಹಾಕ್ರಿ ಅಂತ.”

“ಮತ್ತ ಅಲ್ಲೇ ಅನ್ನಲಿಲ್ಲಪಾ ಅಂವ.”

ನಾಗೇಶ ವಿಭೂತಿ ಒರೆಸಿ, ಪಟ್ಟಿಯ ಹಿತ್ತಾಳೆ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಅದರ ಜಾಗಕ್ಕೆ ಒತ್ತಿದ. ಟಕ್ಕೆಂದು ಕೂತಿತು. ಪೆಟ್ಟಿಗೆ ಒಮ್ಮೆ ಮಾತ್ರ ಕೂಗಿತು, ಪರದೆ ಬೆಳಗಿತು. ಯಾರೂ ನಗಲಿಲ್ಲ.

ಈರಯ್ಯನವರು ಕೆಮ್ಮಿ, ಮಿನಾಜ್‌ಗೆ ಫೋನು ಮಾಡಿ ಬರಹೇಳು ಎಂದು ನನಗೆ ಹೇಳಿದರು.

“ನೀವೇ ಮಾತಾಡ್ರಿ ಅಯ್ಯನೋರ” ಎಂದೆ. ನನ್ನ ದನಿ ನನಗೇ ಸಣ್ಣದೆನಿಸಿತು. “ಅಕಿನ್ನ ತಗದ್ ಹಾಕಿದವ್ರು ನೀವು.”

“ಖರೇ ಅದ” ಎಂದರು ಅಂಬಮ್ಮ, ಪರದೆ ನೋಡುತ್ತಲೇ.

ಈರಯ್ಯನವರು ಫೋನು ತೆಗೆದುಕೊಂಡರು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಬಹಳ ಹೊತ್ತು ಬರೇ ಹೂಂ ಎನ್ನುತ್ತಿದ್ದರು. ಕೊನೆಗೆ, “ಆತವಾ, ನಿಮ್ಮವ್ವನ ಮುಂದ ಬಂದೇ ತಪ್ಪಾತಂತ ಹೇಳ್ತೀನಿ” ಎಂದು, ಗಾಡಿಯ ಕೀಲಿ ಹುಡುಕತೊಡಗಿದರು.