ಚಾಕಿ ಹುಳುವಿನ ಜೀಪು ಬಂಡೆ ಹತ್ತಿದ್ದು

ನಾನೊಂದು ಜೀಪು. ಹುಟ್ಟಿದ್ದು ಕಾರ್ಖಾನೆಯಲ್ಲಾದರೂ ನಡೆ ಕಲಿತದ್ದು ರಾಮನಗರದ ಬಂಡೆಗಳ ನಡುವೆ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಜಾತಿ ನನ್ನದು. ಸ್ವಲ್ಪ ಜಂಬ ಕಂಡರೆ ತಪ್ಪು ತಿಳಿಯಬೇಡಿ. ಮೊದಲು ಒಬ್ಬ ಕಂಟ್ರಾಕ್ಟರ ನನ್ನ ಮೇಲೆ ಸಿಮೆಂಟು ಹೇರಿದ. ಆಮೇಲೆ ಮರಿಲಿಂಗೇಗೌಡರು ಕೊಂಡರು.

ಗೌಡರ ಹೆಂಡತಿ ಕೆಂಪರಾಜಮ್ಮ ಚಾಕಿ ಸಾಕುತ್ತಾರೆ, ಅಂದರೆ ರೇಷ್ಮೆಯ ಎಳೆ ಹುಳು. ಅವನ್ನು ತಟ್ಟೆಗಳಲ್ಲಿಟ್ಟು ನನ್ನ ಬೆನ್ನಿಗೇರಿಸಿ, ನೆಟ್ಟಗೆ ದಾರಿಯಿಲ್ಲದ ಊರುಗಳ ರೈತರಿಗೆ ಮುಟ್ಟಿಸುತ್ತಾರೆ. ಸ್ಟೀರಿಂಗ್ ಹಿಡಿಯುವವರೂ ಅವರೇ. ಕುಲುಕು ಜೋರಾದರೆ ಹುಳು ಸೊಪ್ಪಿನಿಂದ ಉದುರುತ್ತದೆ. ಹಾಗಾಗಿ ತುಂಬಿದ ಬಸುರಿಯ ಹಾಗೆ ನಡೆಯುವುದನ್ನು ನಾನು ಅವರಿಂದ ಕಲಿತೆ.

ಗೌಡರು ಮಾತ್ರ ತಲೆಗೇ ಹುಳು ಬಿಟ್ಟುಕೊಂಡರು. ಜೀಪುಗಳು ಬಂಡೆ ಹತ್ತುವ ಸ್ಪರ್ಧೆಗೆ ಹೆಸರು ಕೊಟ್ಟು ಬಂದರು. ಗಟ್ಟಿ ಇದ್ದಷ್ಟೂ ಗೆಲುವು ಎಂದು ನಂಬಿ, ನನ್ನ ಭಾರ ಹೊರುವ ಕಮಾನುಗಳಿಗೆ ಎರಡೆರಡು ಉಕ್ಕಿನ ಪಟ್ಟಿ ಹೆಚ್ಚಿಗೆ ಕೂಡಿಸಿದರು, ಟೈರಿಗೆ ಬಿಗಿಯಾಗಿ ಗಾಳಿ ತುಂಬಿಸಿದರು. ನಾನೂ ಎದೆಯುಬ್ಬಿಸಿ ನಿಂತೆ. ಮರುದಿನದ ಸಾಗಾಟದಲ್ಲೇ ತಟ್ಟೆಗಟ್ಟಲೆ ಹುಳು ನೆಲದ ಪಾಲಾಯಿತು.

"ಸ್ಪರ್ಧೆ ಮುಗಿದ ಮೇಲೂ ಹಿಂಗೇ ಕುಕ್ಕುದ್ರೆ ಈ ಜೀಪು ನಂಗ್ ಬ್ಯಾಡ. ಮಾರ್ಬುಡಿ," ಎಂದರು ಕೆಂಪರಾಜಮ್ಮ.

"ಗೆದ್ದು ಬರ್ತೀನಿ. ನೀನೇ ಆರತಿ ಎತ್ತೀಯ, ನೋಡ್ತಿರು," ಎಂದರು ಗೌಡರು.

ಸ್ಪರ್ಧೆಯ ದಿನ ಬಂಡೆಯ ಕೊರಕಲಿಗೆ ಇಳಿದದ್ದೇ ತಡ, ಬಿಗಿದ ಕಮಾನು ಬಾಗದೆ ನನ್ನ ಹಿಂಚಕ್ರವೊಂದು ಮೇಲೆದ್ದು ಗಾಳಿಯಲ್ಲಿ ಗಿರಗಿರನೆ ತಿರುಗಿತು. ನೆಲ ಮುಟ್ಟದ ಚಕ್ರಕ್ಕೆ ಎಷ್ಟು ಬಲವಿದ್ದರೇನು? ಜನ ನಕ್ಕರು. ಹಗ್ಗ ಕಟ್ಟಿ ನನ್ನನ್ನು ಕೆಳಕ್ಕೆಳೆದರು. ನಾಚಿಕೆಯಿಂದ ಸತ್ತೇ ಹೋದೆ.

"ನಾಳೆ ಇನ್ನೊಂದು ಸುತ್ತು ಐತಂತೆ, ಅದ್ಕೆ ನಾನ್ ಬರಲ್ಲ," ಎಂದರು ಗೌಡರು. "ಕೇಳ್ದೋರಿಗೆ ಕೊಟ್ಬುಡಾನ ಇದನ್ನ."

ನೋಡಲು ಬಂದಿದ್ದ ಕೆಂಪರಾಜಮ್ಮ ನನ್ನ ಬಾನೆಟ್ಟಿನ ಮೇಲೆ ಕೈಯಿಟ್ಟರು. "ಹೆಚ್ಚಿಗೆ ಹಾಕ್ಸಿದ್ದನ್ನ ತೆಗ್ಸಿ. ಟೈರಿನ ಗಾಳಿ ಇಳಿಸಿ. ನಾಳೆ ನಾನ್ ಓಡಿಸ್ತೀನಿ."

"ಹುಳು ಸಾಗ್ಸೋ ಕೆಲ್ಸ ಅಲ್ಲ ಕಣೇ ಇದು."

"ಹಿಂದ್ಗಡೆ ಹುಳು ಐತೆ ಅಂದ್ಕೊಂಡೇ ಓಡಿಸ್ತೀನಿ."

ಮರುದಿನ ಅದೇ ಕೊರಕಲು. ಗೌಡರು ಪಕ್ಕದ ಸೀಟಿನಲ್ಲಿ ದೇವರನ್ನು ನೆನೆಯುತ್ತಿದ್ದರು. ನನ್ನ ಕಮಾನುಗಳು ಬಾಗಿದವು, ಮೈ ಓರೆಯಾಯಿತು, ಆದರೆ ನಾಲ್ಕು ಚಕ್ರದಲ್ಲಿ ಒಂದೂ ಬಂಡೆಯನ್ನು ಬಿಡಲಿಲ್ಲ. ಕೆಂಪರಾಜಮ್ಮ ಅವಸರಪಡಲಿಲ್ಲ, ನಾನೂ ಪಡಲಿಲ್ಲ. ಬಹುಮಾನ ನಮಗಿಂತ ಬೇಗ ಹತ್ತಿದವರ ಪಾಲಾಯಿತು. ನಾವು ತುದಿ ಮುಟ್ಟಿದೆವು, ಅದು ಸಾಲದೇ? ನನ್ನನ್ನು ಮಾರುವ ಮಾತು ಅಂದಿಗೆ ಮುಗಿಯಿತು.

ಈಗ ಎಂಜಿನ್ನಿಗೆ ಕೆಮ್ಮು ಹತ್ತಿದೆ. ಚಾಕಿ ಮನೆಯ ಪಕ್ಕ ಹುಣಸೆಮರದ ಕೆಳಗೆ ನಿಂತಿರುತ್ತೇನೆ. ಜೀಪಿನ ಹುಚ್ಚು ಹಿಡಿದವರು ಆಗಾಗ ಹುಡುಕಿಕೊಂಡು ಬಂದು, "ಗೌಡ್ರೇ, ಆ ಬಂಡೆ ಹತ್ಸಿದ್ದು ನೀವೇನಾ?" ಎಂದು ಕೇಳುತ್ತಾರೆ.

"ನಾನ್ ಓಡ್ಸಿದ್ ದಿನ ಅರ್ಧಕ್ಕೇ ನಿಂತೋಯ್ತು ಕಣ್ರಪ್ಪಾ," ಎನ್ನುತ್ತಾರೆ ಗೌಡರು. "ಹತ್ಸಿದ್ದು ನಮ್ಮನೆಯೋಳು."

ಹೀಗೆ ಹೇಳುವಾಗ ಅವರು ಮೀಸೆ ತಿರುವುತ್ತಾರೆ. ಗೆದ್ದವರೂ ಹಾಗೆ ತಿರುವಿದ್ದನ್ನು ನಾನು ಕಂಡಿಲ್ಲ.