ಒರೆಸಿದ ತೋಳುಗಳು

ಚಾವಡಿಯ ಕಡೆಯಿಂದ ಮೊದಲ ಚೀರಾಟ ಕೇಳಿದ್ದೇ ಸೂಲಗಿತ್ತಿ ಕಲ್ಲವ್ವ ತೊಳೆದ ಬೆಣ್ಣೆಯ ಬಟ್ಟಲನ್ನು ಜಗಲಿಗೆ ತಂದಿಟ್ಟಳು. ಪಕ್ಕದಲ್ಲಿ ಬಾವಿಯ ತಣ್ಣೀರು, ಹಳೆ ಸೀರೆಯ ಮೆತ್ತನೆಯ ಚೂರು. ಇನ್ನು ತಾಯಂದಿರು ಬರುತ್ತಾರೆ. ಬರದೆ ಎಲ್ಲಿಗೆ ಹೋದಾರು?

ಅರವತ್ಮೂರನೇ ಇಸವಿ, ಶಿವರಾತ್ರಿ ಮುಗಿದ ವಾರ. ಬನವಾಸಿಯ ಆಚೆ, ವರದಾ ಹೊಳೆಯ ದಂಡೆಯ ಆ ಊರಿಗೆ ಶಿರಸಿಯಿಂದ ದೇವಿ ಹಾಕುವವನು ಬಂದಿದ್ದ. ಸಿಡುಬಿಗೆ ಅಲ್ಲಿ ದೇವಿ ಎನ್ನುತ್ತಾರೆ. ಅದು ಬರದಿರಲೆಂದು ತೋಳು ಗೀರುವುದಕ್ಕೂ ದೇವಿ ಹಾಕುವುದು ಎಂದೇ ಹೇಳುತ್ತಾರೆ. ಬಂದವನ ಹೆಸರು ಮುನಾಫ್. ಸಣಕಲು ಆಳು, ಬಗಲಲ್ಲಿ ಬರ್ಫದ ಡಬ್ಬಿ, ಕೈಯಲ್ಲಿ ಹಲ್ಲುಗಳಿರುವ ಪುಟ್ಟ ಉಕ್ಕಿನ ಚಕ್ರ. ತೋಳಿನ ಮೇಲೆ ಔಷಧದ ಹನಿ ಇಟ್ಟು, ಚಕ್ರವನ್ನು ಒತ್ತಿ ತಿರುವಿದರೆ ಚರ್ಮ ಕಿತ್ತು ರಕ್ತ ಜಿನುಗುತ್ತಿತ್ತು. ಈ ತೋಳಿಗೆ ಎರಡು ಸಲ, ಆ ತೋಳಿಗೆ ಎರಡು ಸಲ. ಗಟ್ಟಿ ಗಂಡಸರೇ ಹಲ್ಲು ಕಚ್ಚುವ ಉರಿ ಅದು.

ಪಾಟೀಲ ಅಂದಾನಪ್ಪ ಚಾವಡಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅವನ ಇಬ್ಬರು ಆಳುಗಳು ಕೂಸುಗಳನ್ನು ತಾಯಂದಿರ ಕೈಯಿಂದ ಕಿತ್ತುಕೊಂಡು, ಉಣ್ಣೆ ಕತ್ತರಿಸುವಾಗ ಕುರಿಯನ್ನು ಅಮುಕಿದಂತೆ ಮೊಳಕಾಲಲ್ಲಿ ಅಮುಕುತ್ತಿದ್ದರು. ಹೆಂಗಸರು ಮೆಟ್ಟಿಲ ಕೆಳಗೇ ನಿಲ್ಲಬೇಕು. ಸರ್ಕಾರಕ್ಕೆ ಬೇಕಾದದ್ದು ತೋಳು. ತೋಳಿಗೆ ಅಂಟಿಕೊಂಡ ಕೂಸು, ಕೂಸಿಗೆ ಅಂಟಿಕೊಂಡ ತಾಯಿ ಯಾವ ಸಾಹೇಬನ ಕಾಗದದಲ್ಲೂ ಇರಲಿಲ್ಲ.

ಎದೆ ಬಡಿದುಕೊಳ್ಳುತ್ತ ಮೊದಲು ಓಡಿ ಬಂದವಳು ಶಾರದವ್ವ.

"ನೋಡಬೇ ಕಲ್ಲವ್ವಾ, ಹೆಂಗ ಕಿತ್ತಾನ ನೋಡು! ಅವನ ಕೈ ಸೇದಿ ಹೋಗ್ಲಿ!"

"ಕೊಡಿಲ್ಲೆ. ಅಳಬ್ಯಾಡ ನನ್ನವ್ವ, ಆತು, ಆತು." ಕಲ್ಲವ್ವ ಒದ್ದೆ ಅರಿವೆಯಿಂದ ಗಾಯದ ಮೇಲಿನದನ್ನೆಲ್ಲ ಹಗುರಕ್ಕೆ ಒರೆಸಿ, ಮೂರು ಸಲ ನೀರು ಹಿಂಡಿ, ತಣ್ಣನೆಯ ಬೆಣ್ಣೆ ಸವರಿದಳು. ಕೂಸು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು. ಶಾರದವ್ವ ಅವಳ ಕಾಲಿಗೇ ಬಿದ್ದಳು.

ಸಂಜೆಯೊಳಗೆ ಹತ್ತೊಂಬತ್ತು ಕೂಸುಗಳು ಆ ಜಗಲಿಗೆ ಬಂದು ಹೋದವು. ಕೊನೆಯದು ಅವಳ ಸ್ವಂತ ಮೊಮ್ಮಗ, ಎರಡು ವರ್ಷದ ಮಂಜ. ಹಬ್ಬಕ್ಕೆಂದು ತವರಿಗೆ ಬಂದಿದ್ದ ಮಗಳು ಪಾರ್ವತವ್ವ ಅವನನ್ನು ಎತ್ತಿಕೊಂಡು ಬಂದಳು. ಅವನ ತೋಳನ್ನು ಕಲ್ಲವ್ವ ಎಲ್ಲರಿಗಿಂತ ಹೆಚ್ಚು ಹೊತ್ತು ತೊಳೆದಳು.

ಎಂಟನೇ ದಿನ ಮುನಾಫ್ ಮತ್ತೆ ಬಂದ. ಔಷಧ ಹತ್ತಿದ್ದರೆ ಅಷ್ಟೊತ್ತಿಗೆ ಗೀರಿದ ಜಾಗದಲ್ಲಿ ಗುಳ್ಳೆ ಏಳಬೇಕು. ಒಂದು ಕೂಸಿನ ಅಂಗಿ ಎತ್ತಿ ನೋಡಿದ; ಗೀರು ಒಣಗಿ ಹಕ್ಕಳೆ ಉದುರುತ್ತಿತ್ತು, ಅಷ್ಟೇ. ಇನ್ನೊಂದು ಕೂಸಿನದು ನೋಡಿದ. ಹತ್ತನೆಯದರ ಹೊತ್ತಿಗೆ ಅವನ ಮುಖ ಬೂದಿಯಾಗಿತ್ತು; ಉಳಿದವನ್ನು ನೋಡಲೇ ಇಲ್ಲ.

"ಬಸ್ಸು ದಾರ್ಯಾಗ ಎರಡು ತಾಸು ಕೆಟ್ಟು ನಿಂತಿತ್ರಿ ಪಾಟೀಲ್ರ. ಬರ್ಫ ಕರಗಿರಬೇಕು, ಔಷಧ ಸತ್ತೈತಿ. ತಪ್ಪು ನಂದ. ಶುಕ್ರವಾರ ಹೊಸಾ ಔಷಧ ತರ್ತೀನಿ, ಮತ್ತ ಹಾಕೂಣು."

"ಮತ್ತ? ನಮ್ಮ ಕೂಸು ಏನು ನೀ ಕಸೂತಿ ತೆಗಿಯೋ ಅರಿವೇನೋ?" ಶಾರದವ್ವ ಕೂಗಿದಳು. ಹೆಂಗಸರೆಲ್ಲ ಒಟ್ಟಿಗೇ ಬಾಯಿ ಮಾಡಿದರು. ಶುಕ್ರವಾರ ಕೂಸುಗಳನ್ನು ಕರೆತರುವುದಿಲ್ಲ, ಬಲವಂತ ಮಾಡಿದರೆ ಹೊಲಕ್ಕೆ ಹೋಗಿ ಅಡಗುತ್ತೇವೆ ಎಂದರು.

ಆ ಗದ್ದಲದ ಅಂಚಿನಲ್ಲಿ ಸಾವಿತ್ರವ್ವ ತನ್ನ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಬೇಲಿಯ ಜಗಳದಿಂದಾಗಿ ಆ ಮನೆಯವರು ಎರಡು ವರ್ಷದಿಂದ ಕಲ್ಲವ್ವನ ಅಂಗಳ ತುಳಿದಿರಲಿಲ್ಲ. ಕೂಸಿನ ಎರಡೂ ತೋಳು ಕಲ್ಲವ್ವನ ಕಣ್ಣೆದುರಿಗೇ ಇದ್ದವು. ನಾಲ್ಕು ಗುಳ್ಳೆ. ಅವರೆಕಾಳಿನಷ್ಟು ದಪ್ಪ, ನಡುವೆ ಸಣ್ಣ ಕುಳಿ.

ಅದೇ ದಿನ, ಅದೇ ಡಬ್ಬಿ, ಅದೇ ಔಷಧ.

ಕಲ್ಲವ್ವ ಓದು ಬಾರದ ಹೆಂಗಸಾದರೂ ಹುಟ್ಟು ಸಾವಿನ ನಡುವೆ ಕೈಯಿಟ್ಟು ಬದುಕಿದವಳು. ಕಂಡದ್ದನ್ನು ಕಂಡಿಲ್ಲವೆಂದು ತನಗೆ ತಾನೇ ಹೇಳಿಕೊಳ್ಳಲು ಅವಳಿಗೆ ಆಗಲಿಲ್ಲ. ಆದರೆ ಊರಿಗೆ ಹೇಳುವುದು ಬೇರೆ. ಅವಳ ಕೈ ಅಂದರೆ ತಂಪು ಎಂದು ಊರೆಲ್ಲ ಅನ್ನುತ್ತಿತ್ತು. ಆ ಮಾತೊಂದೇ ಅವಳ ಆಸ್ತಿ. ಮುನಾಫ್ ತನ್ನ ತಲೆಯ ಮೇಲೆ ತಾನೇ ತಪ್ಪು ಹೊತ್ತುಕೊಂಡು ಹೊರಟಾಗ ಅವಳು ಬಾಯಿ ಬಿಡಲಿಲ್ಲ. ಮಂಜನ ಜೊತೆ ಮನೆಯಲ್ಲೇ ಉಳಿದಿದ್ದ ಪಾರ್ವತವ್ವನಿಗೆ ಔಷಧ ಹತ್ತಿಲ್ಲವೆಂಬುದನ್ನೂ ಹೇಳಲಿಲ್ಲ.

ಮರುದಿನ ಅಳಿಯ ದ್ಯಾಮಪ್ಪ ಹೊಳೆ ದಾಟಿ ಬಂದ. "ಅಪ್ಪಗ ಜ್ವರಾರೀ ಅತ್ತಿ, ಬಾಳ ಸುಡತೈತಿ. ಮಂಜನ್ನ ನೋಡಬೇಕಂತಾನ. ಕರಕೊಂಡು ಹೊಕ್ಕೀನಿ."

"ನಾಕು ದಿನ ಬಿಟ್ಟು ಹೋದ್ರಾಗಾಂಗಿಲ್ಲೇನು?"

"ಯಾಕಬೇ?" ಎಂದಳು ಪಾರ್ವತವ್ವ.

ಯಾಕೆ ಎನ್ನುವುದಕ್ಕೆ ಹೇಳಬೇಕಾದ ಮಾತು ಒಂದೇ ಇತ್ತು. ಅದನ್ನು ಹೇಳುವ ಬದಲು ಕಲ್ಲವ್ವ ಮಂಜನ ಅಂಗಿಯ ತೋಳು ಎಳೆದು ಸರಿಮಾಡಿದಳು. ಮಂಜ ಅಪ್ಪನ ಹೆಗಲ ಮೇಲೆ ಕೂತು ನಗುತ್ತ ಹೋದ; ಹಿಂದೆ ಪಾರ್ವತವ್ವ.

ಶುಕ್ರವಾರ ಮುನಾಫ್ ಬಂದಾಗ ಚಾವಡಿ ಬರಿದಾಗಿತ್ತು. ಅಂದಾನಪ್ಪ ಆಳುಗಳನ್ನು ಮನೆಮನೆಗೆ ಅಟ್ಟಿದ. ಹೆಂಗಸರನ್ನು ಬೈದು ಬೆದರಿಸಿ ತಂದು ನಿಲ್ಲಿಸುವ ಹೊತ್ತಿಗೆ ದೋಣಿಯವನು ಏದುಸಿರು ಬಿಡುತ್ತ ಬಂದ.

"ಆಚಿ ಊರಾಗ ದೇವಿ ಎದ್ದಾಳ್ರೀ! ದ್ಯಾಮಪ್ಪನ ಮನ್ಯಾಗ. ಮುದುಕನ ಮೈಮ್ಯಾಲೆ ಸೂಜಿ ಇಡಾಕ ಜಾಗ ಇಲ್ಲ!"

ಹೆಂಗಸರು ಕೂಸುಗಳನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದರು. "ಇವನ ಔಷಧದಿಂದನ ಆಕಿ ಸಿಟ್ಟಾಗ್ಯಾಳ," ಎಂದಳು ಯಾರೋ. "ಸತ್ತ ಔಷಧ ತಂದು ಆಕಿನ್ನ ಕೆಣಕ್ಯಾನ."

ಮುನಾಫ್ ಏನೋ ಹೇಳಹೋದ. ಅವನ ಮಾತು ಗದ್ದಲದಲ್ಲಿ ಮುಳುಗಿತು. ಆಳು ಶಾರದವ್ವನ ಕೂಸಿಗೆ ಕೈ ಹಾಕಿದ. ಅವಳು ಅವನ ಮುಂಗೈ ಕಚ್ಚಿದಳು.

ಆಗ ಕಲ್ಲವ್ವ ಮೆಟ್ಟಿಲು ಹತ್ತಿ ನಿಂತಳು. ನಲವತ್ತು ವರ್ಷದಲ್ಲಿ ಆ ಮೆಟ್ಟಿಲನ್ನು ಯಾವ ಹೆಂಗಸೂ ಹತ್ತಿರಲಿಲ್ಲ.

"ಔಷಧ ಸತ್ತಿದ್ದಿಲ್ಲ. ನಾ ಕೊಂದೆ."

"ಏನಂದಿ?"

"ಒದ್ದಿ ಅರಿವಿಲೆ ಒರಿಸಿ ತೆಗೆದೆ. ಉರಿ ಹೋಗ್ಲಿ ಅಂತ ಒರಿಸಿದೆ, ಉರಿ ಜೋಡಿ ಔಷಧನೂ ಹೋತು. ಸಾವಿತ್ರವ್ವನ ಕೂಸಿನ ತೋಳು ನೋಡ್ರಿ. ಆಕಿ ನನ್ನ ಕಡೆ ಬಂದಿದ್ದಿಲ್ಲ. ಆಕಿ ಕೂಸಿಗೆ ಎದ್ದಾವ. ನೋಡ್ರಿ! ನಾಕು ದಿನದ ಹಿಂದ ನನಗ ಗೊತ್ತಾತು. ಹೇಳಲಿಲ್ಲ."

ಸಾವಿತ್ರವ್ವ ಮೆಲ್ಲಗೆ ಕೂಸಿನ ತೋಳು ಎತ್ತಿ ತೋರಿಸಿದಳು. ನೋಡಿದವರು ತಮ್ಮ ಕೂಸುಗಳ ನುಣ್ಣನೆಯ ತೋಳುಗಳನ್ನು ನೋಡಿಕೊಂಡರು.

"ನಾ ನಿನ್ನ ಕಾಲಿಗೆ ಬಿದ್ದಿದ್ದೆನಲ್ಲಬೇ," ಎಂದಳು ಶಾರದವ್ವ. ಕೂಗಿ ಹೇಳಿದ್ದರೆ ಕಲ್ಲವ್ವ ತಡೆದುಕೊಳ್ಳುತ್ತಿದ್ದಳು.

ಅಂದಾನಪ್ಪ ತೊಡೆ ತಟ್ಟಿ ನಕ್ಕ. "ಭಲೆ ಡಾಕ್ಟರಬಾಯಿ! ಸರ್ಕಾರದ ಕೆಲಸಕ್ಕ ನೀರು ಹಾಕಿದ್ಯಲ್ಲ! ನಿನ್ನ ಜೇಲಿಗೆ ಹಾಕಸ್ತೀನಿ ತಡಿ."

"ಹಾಕಸ್ರಿ. ಆದ್ರ ಮದ್ಲ ನಿಮ್ಮ ಆಳುಗಳ್ನ ಕೆಳಗ ಇಳಸ್ರಿ," ಎಂದ ಮುನಾಫ್. "ಒಣಗೂತನಕ ಮುಟ್ಟಬ್ಯಾಡ್ರಿ ಅಂತ ಒಂದು ಮಾತು ನಾ ಹೇಳಬೇಕಿತ್ತು. ಹೇಳಲಿಲ್ಲ. ತೋಳು ಹಿಡಿಯೋದು ಕಲಿಸಿದ್ರು ನನಗ, ತಾಯಂದ್ರ ಜೋಡಿ ಮಾತಾಡೋದು ಯಾರೂ ಕಲಿಸಲಿಲ್ಲ."

ಅಂದಾನಪ್ಪ ಗೊಣಗುತ್ತ ಕೈಸನ್ನೆ ಮಾಡಿದ, ಆಳುಗಳು ಕೆಳಗಿಳಿದರು. ಕಲ್ಲವ್ವ ಚಾವಡಿಯ ಕಲ್ಲಿನ ಮೇಲೆ ಚಾಪೆ ಹಾಸಿದಳು. "ಬಾ ಶಾರದವ್ವಾ. ನೀನ ಕೂಡು. ಮಲಿ ಕೊಡು ಕೂಸಿಗೆ. ತೋಳು ಹೊರಗ ಬಿಡು."

ಶಾರದವ್ವ ಅವಳ ಮುಖ ನೋಡದೆ ಮೆಟ್ಟಿಲು ಹತ್ತಿದಳು. ಚಾಪೆಯ ಮೇಲೆ ಕೂತಳು. ಕೂಸು ಬಾಯಿ ತುಂಬ ಹಾಲು ಚೀಪುತ್ತಿರುವಾಗ ಮುನಾಫ್ ಮಂಡಿಯೂರಿ ಚಕ್ರ ತಿರುವಿದ. ಕೂಸು ಒಮ್ಮೆ ಚೀರಿತು, ಮೊಲೆ ಬಿಟ್ಟಿತು, ಮತ್ತೆ ಹುಡುಕಿ ಹಿಡಿಯಿತು. ಕಲ್ಲವ್ವ ಗಾಯದ ಮೇಲೆ ಬೆರಳೂ ತಾಗಿಸದೆ ದೂರದಿಂದ ಹಗುರಕ್ಕೆ ಗಾಳಿ ಬೀಸಿದಳು. ಒಂದು ಎಲೆ ಅಡಿಕೆ ಅಗಿಯುವಷ್ಟು ಹೊತ್ತಿನಲ್ಲಿ ಔಷಧ ಒಣಗಿತು.

ಇದಿಷ್ಟೇ ಬೇಕಾಗಿದ್ದದ್ದು. ಒಂದು ಚಾಪೆ, ಒಂದು ಮಾತು.

ಹದಿನೆಂಟು ಕೂಸುಗಳಿಗೆ ಹಾಕಿ ಮುಗಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹತ್ತೊಂಬತ್ತನೆಯದು ಹೊಳೆಯ ಆಚೆ ಇತ್ತು. ಕಲ್ಲವ್ವ, ಮುನಾಫ್ ಇಬ್ಬರೂ ದೋಣಿ ಹತ್ತಿದರು.

ಆಚೆ ಊರಿನ ಬೀದಿಯಲ್ಲಿ ನಾಯಿಯೊಂದು ಬಿಟ್ಟರೆ ಯಾರೂ ಇರಲಿಲ್ಲ. ದ್ಯಾಮಪ್ಪನ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಒಳಗಿನಿಂದ ಬಂದ ವಾಸನೆಗೆ ಮುನಾಫ್ ಹೊಸ್ತಿಲಲ್ಲೇ ನಿಂತ. ಪಾರ್ವತವ್ವ ಹೊರಬಂದಳು, ಕಂಕುಳಲ್ಲಿ ಮಂಜ. ಅವನ ಕೈಯಲ್ಲಿ ರೊಟ್ಟಿಯ ಚೂರು, ಮುಖ ತಿಳಿಯಾಗಿತ್ತು.

"ಇವ ಮುದುಕನ ಹತ್ರ ಹೋಗಿದ್ನೇನು?" ಕೇಳಿದ ಮುನಾಫ್.

"ಬಂದಾಗಿಂದ ಅಜ್ಜನ ತೊಡಿ ಬಿಟ್ಟು ಇಳಿದಿಲ್ಲ. ಅದಕ್ಕೇನು, ಇವಗ ದೇವಿ ಹಾಕಿಸೇವಲ್ಲ?"

ಕಲ್ಲವ್ವ ಹೇಳಿದಳು. ಒಂದನ್ನೂ ಬಿಡದೆ ಹೇಳಿದಳು. ಪಾರ್ವತವ್ವ ಮಗನ ಎರಡೂ ತೋಳುಗಳನ್ನು ತಿರುಗಿಸಿ ನೋಡಿದಳು. ಕೊನೆಗೆ ಅವಳು ಮುನಾಫನ ಕಡೆ ತಿರುಗಿ, "ಈಗ ಹಾಕಿದ್ರ?" ಎಂದಳು.

"ಮೂರು ದಿನದೊಳಗ ಹಾಕಿದ್ರ ಔಷಧ ಗೆಲ್ಲತೈತಿ ಅಂತಾರ. ಇವತ್ತಿಗೆ ನಾಕಾತು. ನನಗ ಗೊತ್ತಿಲ್ಲ ತಂಗಿ. ಸುಳ್ಳು ಹೇಳಾಂಗಿಲ್ಲ."

ಅಂಗಳದಲ್ಲೇ ಹಾಕಿದರು. ಪಾರ್ವತವ್ವ ಮಗನನ್ನು ಎದೆಗೆ ಹಚ್ಚಿಕೊಂಡಳು. ಮಂಜ ಚೀರಿ ಅಜ್ಜಿಯ ಕಡೆಗೆ ತೋಳು ಚಾಚಿದ. "ಅಜ್ಜೀ, ಒರಿಸು! ಒರಿಸಜ್ಜೀ!" ಕಲ್ಲವ್ವ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು, ಒಣಗುವ ತನಕ ಅವನನ್ನೇ ನೋಡುತ್ತ ನಿಂತಳು.

ಮೂರನೇ ದಿನ ಮುದುಕ ಹೋದ. ಕಲ್ಲವ್ವ ತನ್ನೂರಿಗೆ ಮರಳಲಿಲ್ಲ. ಅಲ್ಲಿಂದ ಸುದ್ದಿ ಬಂತು: ಹದಿನೆಂಟು ಕೂಸುಗಳ ತೋಳಲ್ಲೂ ಗುಳ್ಳೆ ಎದ್ದಿವೆಯಂತೆ.

ಔಷಧ ಹಾಕಿದ ಎಂಟನೇ ದಿನ ಬೆಳಗ್ಗೆ ಮಂಜ ಏಳಲಿಲ್ಲ. ಕಲ್ಲವ್ವ ಮುಟ್ಟಿ ನೋಡಿದಳು. ಮೈ ಕಾದ ಹಂಚು. ಔಷಧ ಹತ್ತಿದರೂ ಎಂಟನೇ ದಿನಕ್ಕೆ ಜ್ವರ ಬರುತ್ತದೆ ಎಂದು ಮುನಾಫ್ ಹೇಳಿ ಹೋಗಿದ್ದ. ದೇವಿ ಬರುವುದಿದ್ದರೂ ಇದೇ ಹೊತ್ತಿಗೆ, ಇಂಥದೇ ಜ್ವರದಿಂದ. ಅವಳು ಅಂಗಿಯ ಎರಡೂ ತೋಳು ಸರಿಸಿದಳು. ನಾಲ್ಕು ಕಡೆ ಗೀರಿದ್ದರಲ್ಲಿ ಒಂದೇ ಒಂದು ಗುಳ್ಳೆ ಎದ್ದಿತ್ತು. ಹಣೆಯ ಮೇಲೆ, ಕೂದಲಿನ ಅಂಚಿನಲ್ಲಿ, ಎರಡು ಕೆಂಪು ಚುಕ್ಕೆ. ತಿಗಣೆ ಕಚ್ಚಿದ್ದಿರಬಹುದು.

"ಏನೈತಬೇ?" ಬಾಗಿಲಲ್ಲಿ ಪಾರ್ವತವ್ವ ನಿಂತಿದ್ದಳು. ಕೈಯಲ್ಲಿದ್ದ ಕೊಡ ಕೆಳಗಿಡಲೂ ಅವಳಿಗೆ ಧೈರ್ಯವಿರಲಿಲ್ಲ.

"ನನಗೂ ತಿಳಿವಲ್ದು," ಎಂದಳು ಕಲ್ಲವ್ವ. "ಇಲ್ಲಿ ಬಾ. ನೀನೂ ನೋಡು."