ಕೆರೆಯ ನಕ್ಷೆಯಲ್ಲಿ ಹಸಿರು ಅಂಚು

ಹರವೆ ಹತ್ತಿರದ ಒಂದು ಊರಿನ ಕೆರೆಯಲ್ಲಿ ಮೀನು ಹಿಡಿಯುವ ಮುದ್ದಯ್ಯನ ಬಲೆಗೆ ಎರಡು ವರ್ಷದಿಂದ ಕೊರವ ಮೀನು ಬಿದ್ದಿರಲಿಲ್ಲ. ಕೆರೆಯನ್ನೇ ನಂಬಿ ಬದುಕುವವನು ಅವನು. ಯಾರದೋ ಕಣ್ಣು ಬಿದ್ದಿದೆಯೆಂದು ಬಲೆಗೆ ನಿಂಬೆಹಣ್ಣು ಕಟ್ಟಿದ್ದೂ ಆಯಿತು. ನಿಂಬೆಹಣ್ಣು ಒಣಗಿತೇ ಹೊರತು ಮೀನು ಬರಲಿಲ್ಲ.

ಗ್ರಾಮಸಭೆಗೆ ಇನ್ನೊಂದೇ ದಿನ ಉಳಿದಿತ್ತು. ಹೊಲಗಳಿಗೆ ಗೊಬ್ಬರವಾಗಿ ಕೆರೆಯ ತಳದ ಗೋಡುಮಣ್ಣು ಬೇಕು. ಕೆರೆಯನ್ನು ಎಲ್ಲಿ ಅಗೆಯಬೇಕೆಂದು ತೀರ್ಮಾನವಾಗಬೇಕು. ಅಷ್ಟರಲ್ಲಿ ಮುದ್ದಯ್ಯನ ಅಕ್ಕನ ಮಗಳು ಭಾಗ್ಯ ಊರಿಗೆ ಬಂದಳು. ಅವಳಿಗೆ ಮಂಗಳೂರು ಕಡೆ ಕಡಲ ಸರ್ವೆಯಲ್ಲಿ ಕೆಲಸ.

"ಕಡಲಲ್ಲಿ ಏನಮ್ಮಿ ಅಳೀತೀಯ? ಎಲ್ಲಾ ಒಂದೇ ನೀರಲ್ವಾ?" ಮುದ್ದಯ್ಯ ನಕ್ಕ.

"ನೀರು ಒಂದೇ ಮಾವ, ತಳ ಬೇರೆ ಬೇರೆ. ಒಂದ್ಕಡೆ ಬಂಡೆ, ಒಂದ್ಕಡೆ ಮರಳು, ಇನ್ನೊಂದ್ಕಡೆ ಕೆಸರು. ಒಂದೊಂದ್ರಲ್ಲೂ ಬೇರೆ ಜೀವ. ಅದ್ನ ವಿಂಗಡಿಸಿ ನಕ್ಷೆ ಮಾಡ್ಕೊಟ್ರೆ, ದಡದಲ್ಲಿ ಬಂದರು ಕಟ್ಟೋರು ಎಲ್ಲಿ ಕಟ್ಬೋದು, ಎಲ್ಲಿ ಮುಟ್ಬಾರ್ದು ಅಂತ ತಿಳ್ಕತಾರೆ. ನಮ್ ಕೆರೆಗೂ ಮಾಡನ ನಡಿ."

"ಓಗಮ್ಮಿ, ಅಂಗೈ ಅಗಲದ ಕೆರೆಗೆ ನಕ್ಷೆ ಬೇರೆ ಕೇಡು!"

ಹಾಗೆಂದರೂ ತೆಪ್ಪ ಬಿಟ್ಟ. ಬಿದಿರು ಗಳ ಊರಿ ತಳ ನೋಡುತ್ತಾ ಅವನು ಹೇಳಿದ, ಭಾಗ್ಯ ಬರೆದುಕೊಂಡಳು. ಏರಿಯ ಮಗ್ಗುಲಲ್ಲಿ ಕಲ್ಲು. ನಡುವೆ ಆಳವಾದ ಕಪ್ಪು ಗೋಡು.

"ಆ ಮೂಡ್ಲ ಅಂಚು?"

"ಅಲ್ಲಿ ಮೊಣಕಾಲುದ್ದ ನೀರು. ಜೊಂಡು ಬೆಳೀತಿತ್ತು. ಕೊರವ ಮೊಟ್ಟೆ ಇಕ್ತಿದ್ದುದೇ ಅಲ್ಲಿ. ಗಂಡು ಎಣ್ಣು ಎರಡೂ ಮರಿ ಕಾಯ್ಕಂಡು..." ಮುದ್ದಯ್ಯನ ಕೈಯಲ್ಲಿ ಗಳ ನಿಂತಿತು.

"ಈಗ್ಯಾಕೆ ಜೊಂಡಿಲ್ಲ ಮಾವ?"

"ಟ್ರ್ಯಾಕ್ಟರ್ ಸಲೀಸಾಗಿ ಇಳೀಲಿ ಅಂತ ಎರಡ್ ವರ್ಷದ್ ಹಿಂದೆ ಅಲ್ಲೇ ಅಗೆಸ್ಬುಟ್ಟೆ ಕಣಮ್ಮಿ. ಜೆಸಿಬಿ ಮುಂದೆ ನಿಂತು ಜಾಗ ತೋರ್ಸ್ದೋನು ನಾನೇ."

ಮುದ್ದಯ್ಯ ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಂಡಿದ್ದ. ಪಾಪ, ನಿಂಬೆಹಣ್ಣು ಏನು ಮಾಡೀತು!

"ಪಡುವಣ ಅಂಚಲ್ಲಿ ಇನ್ನೂ ಒಸಿ ಜೊಂಡು ಉಳ್ದದೆ ಮಾವ," ಎಂದು ಭಾಗ್ಯ ನಕ್ಷೆಯಲ್ಲಿ ಅಲ್ಲಿಗೆ ಹಸಿರು ಬಣ್ಣ ಬಳಿದಳು.

ಗ್ರಾಮಸಭೆಯಲ್ಲಿ ರೈತ ನೀಲಕಂಠಸ್ವಾಮಿ ಎದ್ದು, "ಈ ಸಲ ಪಡುವಣ ಅಂಚು ಅಗೆಯನ, ಗಾಡಿ ಇಳಿಯಕ್ಕೆ ಸಲೀಸು," ಎಂದರು.

ಮುದ್ದಯ್ಯ ನಕ್ಷೆ ಹರಡಿದ. "ಬ್ಯಾಡ ನೀಲಕಂಠಣ್ಣ. ಬ್ಯಾಸ್ಗೇಲಿ ನೀರಿಳಿದ್ ಮ್ಯಾಲೆ ನಡುವೆ ಅಗೀರಿ, ಒಳ್ಳೇ ಗೋಡು ಅಲ್ಲೇ ಅದೆ. ಈ ಹಸ್ರು ಜಾಗ ಮಾತ್ರ ಬುಟ್ಬುಡಿ, ಕೊರವ ಮರಿ ಮಾಡಕ್ಕೆ ಉಳ್ದಿರೋದು ಅದೊಂದೇ. ಒಂದ್ಸಲ ತಪ್ಪು ಜಾಗ ತೋರ್ಸಿ ಕೆಟ್ಟಿವ್ನಿ."

ನೀಲಕಂಠಸ್ವಾಮಿ ನಕ್ಷೆ ನೋಡಿದರು, ಮುದ್ದಯ್ಯನ ಮುಖ ನೋಡಿದರು. "ಆಗ್ಲಿ ಕಣಪ್ಪ, ನಡುವೆಯೇ ಅಗೆಯನ," ಎಂದರು.

ನಿಮ್ಮೂರ ಕೆರೆಗೆ ಜೆಸಿಬಿ ಇಳಿಯುವ ಮೊದಲು ಮೀನು ಹಿಡಿಯುವವರನ್ನು, ಸೊಪ್ಪು ಕೀಳುವವರನ್ನು, ದನ ಮೇಯಿಸುವವರನ್ನು ದಡಕ್ಕೆ ಕರೆಯಿರಿ. ಎಲ್ಲಿ ಆಳ, ಎಲ್ಲಿ ಜೊಂಡು, ಮೀನು ಮರಿ ಮಾಡುವುದು ಎಲ್ಲಿ ಎಂದು ಕೇಳಿ ನಕ್ಷೆ ಬರೆದು ಪಂಚಾಯಿತಿಗೆ ಕೊಡಿ. ಮುದ್ದಯ್ಯ ಎರಡು ವರ್ಷ ತಡ ಮಾಡಿದ. ನೀವು ಅಗೆಯುವ ಮೊದಲೇ ಕೇಳಿ.